ಏಳನೆಯ ಗ್ರೀನಿನ ಇಬ್ಬನಿ

ನನ್ನ ತಂಗಿಯ ಗಂಡ ಕಲ್ಲು ಮನಸ್ಸಿನ ಮನುಷ್ಯ. ಸಿಟ್ಟಿನಲ್ಲಿ ಹೇಳುತ್ತಿಲ್ಲ, ಮೂವತ್ತು ವರ್ಷ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಆದರೆ ಮನುಷ್ಯರು ಒಂದು ಕಡೆ, ಹುಲ್ಲು ಒಂದು ಕಡೆ ಇದ್ದರೆ ಅರೆಗಳಿಗೆಯೂ ಯೋಚಿಸದೆ ಹುಲ್ಲಿನ ಕಡೆ ಹೋಗಿ ನಿಲ್ಲುವವನು.

ಗಾಲ್ಫ್ ಮೈದಾನದಲ್ಲಿ ಹುಲ್ಲು ಬೆಳೆಸುವುದೇ ಅವನ ಉದ್ಯೋಗ. ಅಲ್ಲಿನವರೆಲ್ಲ ಅವನನ್ನು ಹುಲ್ಲಪ್ಪ ಎನ್ನುತ್ತಾರೆ. ಹಿಂದಿನಿಂದ ಅನ್ನುತ್ತಿದ್ದದ್ದು ಕ್ರಮೇಣ ಮುಂದಿನಿಂದಲೂ ಅನ್ನುವಂತಾಯಿತು. ಅವನಿಗೆ ಬೇಸರವೇನೂ ಆಗಲಿಲ್ಲ. ಹೊಗಳಿಕೆ ಎಂದೇ ತಿಳಿದುಕೊಂಡನೇನೋ.

ಮೈದಾನದಲ್ಲಿ ಹದಿನೆಂಟು ಕುಳಿಗಳು. ಪ್ರತಿ ಕುಳಿಯ ಸುತ್ತ ಒಂದು ಅಂಗಳದಷ್ಟು ಜಾಗದಲ್ಲಿ ಹುಲ್ಲನ್ನು ಜಮಖಾನೆಯ ಹಾಗೆ ಒತ್ತಾಗಿ, ಅಕ್ಕಿಕಾಳಿಗಿಂತ ಗಿಡ್ಡವಾಗಿ ಕತ್ತರಿಸಿ ಇಟ್ಟಿರುತ್ತಾರೆ. ಅದಕ್ಕೆ ಗ್ರೀನ್ ಎಂದು ಹೆಸರು. ಚೆಂಡು ಅದರ ಮೇಲೆ ಸದ್ದಿಲ್ಲದೆ ಉರುಳಬೇಕು. ಒಂದು ಬೂಟಿನ ಮೊಳೆ ಊರಿದರೂ ಸಾಕು, ಚೆಂಡು ದಾರಿ ತಪ್ಪುತ್ತದೆ. ಆದ್ದರಿಂದ ಕೆಲಸದವರಿಗೆ ಹುಲ್ಲಪ್ಪ ಒಂದು ನಿಯಮ ಮಾಡಿದ್ದ. ಗ್ರೀನಿನ ಅಂಚಿಗೆ ಬಂದ ಕೂಡಲೇ ಕಾಲಿನದನ್ನು ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಬಿಚ್ಚಲು ಪುರುಸೊತ್ತಿಲ್ಲವೆಂದರೆ ಸುತ್ತಿ ಹೋಗಬೇಕು. ಅಡ್ಡ ದಾಟುವಂತಿಲ್ಲ. ಒಮ್ಮೆ ನನ್ನ ತಂಗಿ ಅವನಿಗೆ ಊಟದ ಡಬ್ಬಿ ಕೊಡಲು ಹೋದಾಗ ಕಾಲು ಉಳುಕಿತ್ತು, ಕುಂಟುತ್ತಿದ್ದಳು. ಗ್ರೀನಿನ ಆಚೆ ನಿಂತಿದ್ದ ಗಂಡ, "ಸುತ್ತು ಬಾ, ಸುತ್ತು ಬಾ" ಎಂದು ಕೈ ತೋರಿಸಿದನಂತೆ. ಇವಳು ಸುತ್ತಿಯೇ ಹೋದಳು. ನಾನಾಗಿದ್ದರೆ ಡಬ್ಬಿಯನ್ನು ಅಲ್ಲೇ ಕವುಚಿ ಬರುತ್ತಿದ್ದೆ.

ಅವನಿಗೆ ಹದಿನೆಂಟರಲ್ಲಿ ಏಳನೆಯದರ ಮೇಲೆ ಹೆಚ್ಚು ಮೋಹ. ಅದು ಒಂದು ದಿಬ್ಬದ ನೆತ್ತಿಯಲ್ಲಿದೆ. ಕೆಳಗಿನಿಂದ ನೋಡಿದರೆ ಗ್ರೀನಿನ ಅಂಚು, ಅದರಾಚೆ ಬರೀ ಆಕಾಶ. ಒಂದು ಮರವಿಲ್ಲ, ಕಂಬವಿಲ್ಲ, ದೂರದ ಬೆಟ್ಟದ ಗೆರೆ ಕೂಡ ಇಲ್ಲ. ಅಲ್ಲಿ ನಿಂತವರು ಕಾಗದದಲ್ಲಿ ಕತ್ತರಿಸಿ ಅಂಟಿಸಿದವರ ಹಾಗೆ ಕಾಣುತ್ತಾರೆ, ಇನ್ನೊಂದು ಹೆಜ್ಜೆ ಇಟ್ಟರೆ ಜಗತ್ತಿನಿಂದಲೇ ಆಚೆ ಬೀಳುವಂತೆ. ಆಟಗಾರರಿಗೆ ಆ ನೋಟ ಬಹಳ ಇಷ್ಟವಂತೆ. ನನಗೆ ಮೊದಲ ಸಲ ನೋಡಿದಾಗಲೇ ಇಷ್ಟವಾಗಲಿಲ್ಲ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಹುಲ್ಲಿನ ಹಿಂದೆ ಏನಾದರೂ ಇರಬೇಕು ಎನ್ನುವುದು ನನ್ನ ಅಭ್ಯಾಸ.

ಚಳಿ ಶುರುವಾದರೆ ಬೆಳಗಿನ ಮೊದಲ ಕೆಲಸ ಇಬ್ಬನಿ ಹೊಡೆಯುವುದು. ಎರಡಾಳು ಉದ್ದದ, ತುದಿಯಲ್ಲಿ ಬಳುಕುವ ಒಂದು ಕೋಲು ಇರುತ್ತದೆ. ಅದನ್ನು ಹುಲ್ಲಿನ ಮೇಲೆ ಅತ್ತ ಇತ್ತ ಬೀಸುತ್ತಾ ಹೋದರೆ ಬೆಳ್ಳಗೆ ಕೂತ ಇಬ್ಬನಿ ಉದುರಿ, ಹಸಿರು ಬಯಲಾಗುತ್ತದೆ. ಇಲ್ಲದಿದ್ದರೆ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಹೊಡೆಯುವ ಮೊದಲು ಮಾತ್ರ ಇಬ್ಬನಿ ಎಲ್ಲವನ್ನೂ ಹೇಳುತ್ತದೆ. ಮೊಲ ಎಲ್ಲಿ ಕೂತಿತ್ತು, ಕಾಗೆ ಎಲ್ಲಿ ಕುಪ್ಪಳಿಸಿತು, ಯಾರು ಎಲ್ಲಿಂದ ನಡೆದು ಬಂದರು, ಎಲ್ಲ.

ಇಪ್ಪತ್ತು ವರ್ಷ ಆ ಕೆಲಸವನ್ನು ಹುಲ್ಲಪ್ಪನ ಜೊತೆ ಮಾಡಿದವನು ಉದ್ದಣ್ಣ. ಇದೂ ಅಡ್ಡಹೆಸರೇ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸುತ್ತಿದ್ದ, ತಗ್ಗಿಸದಿದ್ದಾಗ ಹೊಡೆಸಿಕೊಳ್ಳುತ್ತಿದ್ದ. ಹುಲ್ಲು ಕತ್ತರಿಸುವ ಯಂತ್ರ ಒಮ್ಮೆ ಎಡಗಾಲಿನ ಮೇಲೆ ಉರುಳಿ, ಅಂದಿನಿಂದ ಆ ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

"ಏನ್ ಯಜಮಾನ್ರೇ, ನಿಮ್ಮ ಹುಲ್ಲಿಗೆ ಬೆಳಗಾಗೆದ್ದು ಮುಖ ತೊಳೆಸ್ತೀರ, ತಲೆ ಬಾಚ್ತೀರ. ಇನ್ನು ಜಡೆ ಹಾಕಿ ಹೂ ಮುಡಿಸೋದೊಂದು ಬಾಕಿ."

"ಬಾಯಿ ಮುಚ್ಕೊಂಡು ಕೋಲು ಬೀಸು."

"ಬೀಸ್ತೀನಿ. ಅದಕ್ಕೆ ನೆಗಡಿಯಾದ್ರೆ ಹೇಳಿ, ಕಷಾಯ ಕಾಯಿಸ್ಕೊಂಡು ಬರ್ತೀನಿ."

ನನ್ನ ತಂಗಿಯ ಮನೆಯ ಜಗಲಿಯಲ್ಲಿ ಕೂತು ಈ ಮಾತುಗಳನ್ನು ಅವನೇ ಎರಡೂ ದನಿಯಲ್ಲಿ ಆಡಿ ತೋರಿಸುತ್ತಿದ್ದ. ಹುಲ್ಲಪ್ಪ ನಗುತ್ತಿರಲಿಲ್ಲ. ಎದ್ದೂ ಹೋಗುತ್ತಿರಲಿಲ್ಲ.

ಉದ್ದಣ್ಣ ಸತ್ತದ್ದು ಮಳೆಗಾಲಕ್ಕೆ ಮುಂಚೆ, ಒಂದು ಮಧ್ಯಾಹ್ನ. ಆ ವಾರ ಏಳನೆಯ ಗ್ರೀನಿಗೆ ಸಣ್ಣ ಸಣ್ಣ ತೂತು ಹೊಡೆದು, ಮರಳು ತುಂಬಿ, ಹೊಸ ಬೀಜ ಹಾಕಿದ್ದರು. ಉದ್ದಣ್ಣ ದಿಬ್ಬದ ಇಳಿಜಾರಿನಲ್ಲಿ ಕಳೆ ಕೀಳುತ್ತಿದ್ದ. ಜಾರಬಾರದೆಂದು ಮೊಳೆ ಹೊಡೆದ ಬೂಟು ಹಾಕಿದ್ದ. ಗಾಳಿ ಎದ್ದಿತು. ಮೋಡ ಯಾವಾಗ ಬಂತೆಂದು ಯಾರಿಗೂ ತಿಳಿಯಲಿಲ್ಲ. ಕಚೇರಿಯ ಕಡೆಯಿಂದ ಸಿಡಿಲಿನ ಸೈರನ್ ಕೂಗಿತು. ಗ್ರೀನಿನ ಆಚೆ ಬದಿಯಲ್ಲಿ ಸ್ವಲ್ಪವೇ ತಗ್ಗಿಗೆ ಇಟ್ಟಿಗೆಯ ಒಂದು ಪುಟ್ಟ ಕೋಣೆ ಇದೆ, ಇಂಥ ಹೊತ್ತಿಗೆಂದೇ ಕಟ್ಟಿದ್ದು. ಹುಲ್ಲಪ್ಪ ಆಗಲೇ ಅದರೊಳಗಿದ್ದ. ಉದ್ದಣ್ಣ ಗ್ರೀನನ್ನು ಅಡ್ಡ ದಾಟಿದ್ದರೆ ನಲವತ್ತು ಹೆಜ್ಜೆ. ಅವನು ದಾಟಲಿಲ್ಲ. ಸುತ್ತಿಕೊಂಡು, ದಿಬ್ಬದ ಎಲ್ಲಕ್ಕಿಂತ ಎತ್ತರದ ಬೋಳು ಏಣಿನ ಮೇಲಿಂದ ಹೋದ. ಸಿಡಿಲು ಅವನನ್ನು ಅಲ್ಲಿ ಹಿಡಿಯಿತು.

ಮೈದಾನದ ಮ್ಯಾನೇಜರ್ ವಿಚಾರಣೆ ನಡೆಸಿ ನೋಟಿಸ್ ಬೋರ್ಡಿಗೆ ಒಂದು ಕಾಗದ ಹಚ್ಚಿದ. ಎಚ್ಚರಿಕೆಯ ಸೈರನ್ ಕೂಗಿದ ಮೇಲೂ ಮೃತನು ಎತ್ತರದ ಜಾಗಕ್ಕೆ ಹೋದದ್ದು ಅವನದೇ ಅಜಾಗರೂಕತೆ ಎಂದು ಅದರಲ್ಲಿತ್ತು. ಹತ್ತಿರವಿದ್ದ ಒಬ್ಬನೇ ಸಾಕ್ಷಿಯೆಂದರೆ ಹುಲ್ಲಪ್ಪ. ತಾನು ಏನನ್ನೂ ನೋಡಲಿಲ್ಲ ಎಂದು ಅವನು ಹೇಳಿದ್ದ.

ಉದ್ದಣ್ಣನ ಹೆಂಡತಿ ಅದೇ ಮೈದಾನದ ಒಗೆಯುವ ಕೋಣೆಯಲ್ಲಿ ಆಟಗಾರರ ಟವೆಲ್ಲುಗಳನ್ನು ಒಗೆದು ಮಡಿಸುವವಳು. ಹದಿನೈದು ದಿನ ಬಿಟ್ಟು ನನ್ನ ತಂಗಿಯ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಅವಳು ಅಳಲಿಲ್ಲ. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಹುಲ್ಲಪ್ಪನವರೇ, ನನ್ನ ಗಂಡ ಗುಡುಗು ಅಂದ್ರೆ ಮಂಚದ ಕೆಳಗೆ ನುಗ್ಗೋ ಮನುಷ್ಯ. ಮದುವೆಯಾದ ವರ್ಷ ಅದನ್ನ ನೋಡಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅಂಥವರು ಆ ಬೋಳು ದಿಬ್ಬದ ಮೇಲೆ ಯಾಕೆ ಹೋದ್ರು?"

"ನಂಗೇನಮ್ಮಾ ಗೊತ್ತು."

"ನೀವು ಎದುರಿಗೇ ಇದ್ರಿ."

"ಮಳೆ ಬರ್ತಿತ್ತು. ಕಾಣಿಸ್ಲಿಲ್ಲ."

"ಅವರದೇ ತಪ್ಪು ಅಂತ ಬೋರ್ಡಲ್ಲಿ ಹಾಕಿದಾರೆ. ದಿನಾ ಬೆಳಗ್ಗೆ ಅದನ್ನ ಓದ್ಕೊಂಡೇ ನಾನು ಒಳಗೆ ಹೋಗ್ಬೇಕು. ತಪ್ಪು ಅವರದೇ ಆಗಿದ್ರೆ ಆಗ್ಲಿ, ಒಪ್ಕೋತೀನಿ. ಆದ್ರೆ ಯಾಕೆ ಆ ಕಡೆ ಹೋದ್ರು ಅಂತ ಯಾರಾದ್ರೂ ಹೇಳ್ಬೇಕಲ್ಲ?"

ಹುಲ್ಲಪ್ಪ ತನ್ನ ಅಂಗೈ ನೋಡಿಕೊಂಡ. ಅವಳು ನನ್ನ ತಂಗಿಗೆ "ಬರ್ತೀನಕ್ಕಾ" ಎಂದು ಹೇಳಿ ಹೋದಳು. ಅವಳು ಬೀದಿ ತಿರುಗುವ ಮೊದಲೇ ಅವನು ಎದ್ದು, ಗ್ರೀನಿಗೆ ನೀರು ಬಿಡುವ ಹೊತ್ತಾಯಿತೆಂದು ಹೊರಟ. ಮಳೆ ಬಿದ್ದು ನೆಲವೆಲ್ಲ ತೊಯ್ದ ದಿನ ಅದು.

ಅನಂತರ ಮಳೆಗಾಲ ಮುಗಿಯಿತು. ಇಬ್ಬನಿ ಬೀಳತೊಡಗಿತು.

ನನ್ನ ತಂಗಿ ಸುಮ್ಮನೆ ಗಾಬರಿಯಾಗುವವಳಲ್ಲ. ಒಂದು ದಿನ ನನ್ನ ಮನೆಗೆ ಬಂದು, "ಅಕ್ಕಾ, ಇವರು ದಿನದಿನಕ್ಕೆ ಬೇಗ ಹೋಗ್ತಿದಾರೆ" ಎಂದಳು. "ಮೊದಲು ಆರಕ್ಕೆ ಹೋಗೋರು. ಆಮೇಲೆ ಐದೂವರೆ. ಈಗ ಬೆಳಕು ಹರಿಯೋಕೆ ಬಿಡಲ್ಲ. ಏಳನೇದರ ಇಬ್ಬನಿ ಬೇರೆ ಯಾರೂ ಹೊಡೀಬಾರದು ಅಂತ ಆರ್ಡರ್ ಬೇರೆ ಮಾಡಿದಾರಂತೆ."

"ಹುಲ್ಲಿನ ಹುಚ್ಚು ಹೆಚ್ಚಾಗಿರ್ಬೇಕು."

"ಹುಚ್ಚಲ್ಲ ಕಣೇ, ಹೆದರಿಕೆ. ಬೂಟು ಎಡಬಲ ತಪ್ಪಿ ಹಾಕ್ಕೊಳ್ತಾರೆ."

ಅವನು ಹೆದರುತ್ತಾನೆ ಎಂಬ ಮಾತು ನನಗೆ ಹೊಸದು. ಮರುದಿನ ಹೊದಿಕೆ ಹೊದ್ದು, ಊರಿಕೊಳ್ಳಲು ಕೊಡೆ ಹಿಡಿದು ಅವರ ಮನೆಯ ಗೇಟಿನ ಹತ್ತಿರ ನಿಂತೆ. ಹೊರಗೆ ಬಂದವನು ನನ್ನನ್ನು ನೋಡಿ, "ಏನತ್ತಿಗೆ, ಇಷ್ಟ್ಹೊತ್ತಿಗೆ?" ಎಂದ.

"ವಾಕಿಂಗು. ಡಾಕ್ಟರು ಹೇಳಿದಾರೆ."

"ಡಾಕ್ಟರ ಮಾತು ನೀವು ಯಾವಾಗಿಂದ ಕೇಳೋಕೆ ಶುರು ಮಾಡಿದ್ರಿ?"

ಬೇಡ ಎನ್ನಲಿಲ್ಲ. ಜೊತೆಗೆ ಒಬ್ಬರು ಬಂದದ್ದು ಅವನಿಗೆ ಬೇಕಾಗಿತ್ತೆಂದು ನನಗೆ ದಿಬ್ಬ ಹತ್ತುವಾಗ ಅನಿಸಿತು. ಉದ್ದಕ್ಕೂ ಅವನು ನನ್ನ ಪಕ್ಕದಲ್ಲೇ ನಡೆದ. ಸಾಮಾನ್ಯವಾಗಿ ಹತ್ತು ಮಾರು ಮುಂದಿರುವವನು.

ಮೇಲೆ ಹೋದಾಗ ಬೆಳಕು ಆಗಷ್ಟೇ ಹರಡುತ್ತಿತ್ತು. ಗ್ರೀನ್ ಪೂರ್ತಿ ಬೆಳ್ಳಗಿತ್ತು, ಆಕಾಶವೂ ಅದೇ ಬಿಳುಪು. ಎರಡರ ನಡುವಿನ ಗೆರೆ ಅಳಿಸಿಹೋಗಿ, ಕುಳಿಯ ಬಾವುಟದ ಕಂಬ ಯಾವುದಕ್ಕೂ ಊರದೆ ನಿಂತಂತಿತ್ತು. ಗಾಳಿ ಇರಲಿಲ್ಲ. ಹಕ್ಕಿಯ ದನಿ ಕೂಡ ಇರಲಿಲ್ಲ. ಕೆಳಗೆ ಇತ್ತು, ಬರುವಾಗ ಕೇಳಿಸಿತ್ತು.

ಗ್ರೀನಿನ ಮೇಲೆ ಒಂದು ಗುರುತೂ ಇರಲಿಲ್ಲ. ಅದರ ಅಂಚಿನ ಹುಲ್ಲಿನಲ್ಲಿ ಹೆಜ್ಜೆಗಳಿದ್ದವು.

ಇಬ್ಬನಿಯಲ್ಲಿ ಕಪ್ಪಗೆ ಮೂಡಿದ ದೊಡ್ಡ ಹೆಜ್ಜೆಗಳು. ಬಲದ್ದು ಸ್ಪಷ್ಟ. ಎಡದ್ದರ ಹಿಂದೆ ಪ್ರತಿ ಸಲವೂ ಒಂದು ಗೀರು, ಕಾಲು ಎಳೆದ ಗೀರು. ಗ್ರೀನಿನ ಅಂಚಿಗೆ ಬಂದು, ಎರಡೂ ಪಾದ ಜೋಡಿಸಿ ಒಂದು ಕಡೆ ನಿಂತ ಗುರುತಿತ್ತು. ಅಲ್ಲಿಂದ ತಿರುಗಿ ಏಣಿನ ಕಡೆ ಸುತ್ತಿ ಹೋಗಿದ್ದವು.

ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ತಮಾಷೆಗಾರ ಎಲ್ಲಿಂದ ಬಂದನೆಂದು ನೋಡಲು ಇಳಿಜಾರಿಗೆ ಬಗ್ಗಿದೆ. ಅಲ್ಲಿ ನಾವು ಹತ್ತಿ ಬಂದ ಎರಡು ಸಾಲು ಬಿಟ್ಟರೆ ಇಬ್ಬನಿ ಮುಟ್ಟಿದ ಹಾಗಿರಲಿಲ್ಲ. ಆ ಹೆಜ್ಜೆಗಳು ಅಂಚಿನಿಂದ ಆರು ಮಾರು ಹಿಂದೆ, ಹುಲ್ಲಿನ ನಟ್ಟನಡುವೆ ಶುರುವಾಗಿದ್ದವು. ಎಲ್ಲಿಂದಲೂ ಬಂದಿರಲಿಲ್ಲ. ಕೊಡೆಯ ಕೋಲಿನಿಂದ ಅಳೆದೆ. ಉದ್ದಣ್ಣನಷ್ಟು ದಾಪುಗಾಲು ಹಾಕುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಎಣಿಸುತ್ತಾ ಹೋದೆ. ಮೂವತ್ತೊಂದು ಹೆಜ್ಜೆ. ಮೂವತ್ತೊಂದನೆಯದರ ಮುಂದೆ ಊಟದ ತಟ್ಟೆಯಷ್ಟು ಅಗಲದ ಒಂದು ಬೋಳು ಮಚ್ಚೆ. ಅದು ಸಿಡಿಲು ಬಿದ್ದ ಜಾಗ. ಹುಲ್ಲಪ್ಪ ಮೂರು ಸಲ ಮಣ್ಣು ತೆಗೆದು ಹೊಸ ಹುಲ್ಲಿನ ಹೆಂಟೆ ಕೂರಿಸಿದ್ದನಂತೆ. ಮೂರೂ ಸಲ ಒಣಗಿತಂತೆ. ಮಚ್ಚೆಯ ಆಚೆ ಹೆಜ್ಜೆಗಳಿರಲಿಲ್ಲ.

"ದಿನಾ ಹೀಗೇನಾ?"

"ದಿನಾ. ಅಂಚಿಗೆ ಬಂದು ನಿಲ್ತಾನೆ. ಸುತ್ತಿ ಹೋಗ್ತಾನೆ. ಯಾರೂ ನೋಡೋ ಮೊದ್ಲು ಕೋಲು ಬೀಸಿ ಅಳಿಸ್ತೀನಿ."

ನಾನು ಮತ್ತೆ ಹಿಂದಿನಿಂದ ಎಣಿಸಿಕೊಂಡು ಬಂದೆ. ಮೂವತ್ತೆರಡಾಯಿತು. ಎಣಿಕೆ ತಪ್ಪಿರಬಹುದು. ನಾನು ಎಣಿಕೆ ತಪ್ಪುವವಳಲ್ಲ. ಮೂರನೆಯ ಸಲ ಎಣಿಸಲಿಲ್ಲ.

ಆಚೆ ಬದಿಯ ಇಟ್ಟಿಗೆಯ ಕೋಣೆಗೆ ಹೋಗಿ ಕೂತೆ. ಅಲ್ಲಿಗೆ ಹೋಗಲು ನಾನೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೇ ಗ್ರೀನ್ ದಾಟಿದ್ದೆ ಎನ್ನುವುದು ಕೂತ ಮೇಲೆ ತಿಳಿಯಿತು. ಕೋಣೆಗೆ ಬಾಗಿಲಿಲ್ಲ, ಒಂದು ಬೆಂಚು ಮಾತ್ರ. ಬೆಂಚಿನಿಂದ ನೇರ ಎದುರಿಗೆ ಆ ಬಿಳಿಯ ಅಂಗಳ, ಅದರಾಚೆಯ ಅಂಚು, ಎರಡು ಪಾದ ಜೋಡಿಸಿ ನಿಂತ ಆ ಗುರುತು. ನಡುವೆ ಮರೆ ಏನೂ ಇಲ್ಲ.

"ಇಲ್ಲಿಂದ ಕಾಣಿಸ್ಲಿಲ್ಲ ಅಂದ್ಯಾ ನೀನು?" ಎಂದೆ.

ಹಿಂದೆಯೇ ಬಂದವನು ಗೋಡೆಗೆ ಒರಗಿ ನಿಂತಿದ್ದ. ಮೈದಾನದ ಕೆಲಸದ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದ.

"ಅಲ್ಲಿ ಬಂದು ನಿಂತ. ಬೂಟು ನೋಡ್ಕೊಂಡ. ನನ್ನ ಕಡೆ ನೋಡ್ದ. ನಾನು ಹಿಂಗೆ ಮಾಡ್ದೆ."

ಬಲಗೈ ಎತ್ತಿ, ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ. ಸುತ್ತು ಬಾ.

"ಸೈರನ್ ಕೂಗಿದ ಮೇಲೆ?"

"ಹ್ಞೂಂ. ಕೈ ತಾನೇ ಎದ್ದುಬಿಡ್ತು ಅತ್ತಿಗೆ. ಇಪ್ಪತ್ತು ವರ್ಷದಿಂದ ಎತ್ತಿದ ಕೈ."

"ಅವನ ಹೆಂಡತಿಗೆ ಹೇಳು."

"ಏನಂತ ಹೇಳ್ಲಿ? ಬೀಜ ಆಗ ತಾನೇ ಮೊಳಕೆ ಒಡೀತಿತ್ತು, ತುಳೀಬಾರದಿತ್ತು ಅಂತ ಹೇಳ್ಲಾ?"

"ಅದನ್ನೇ ಹೇಳು. ನೀನು ಹೇಳದಿದ್ರೆ ನಾನು ಹೇಳ್ತೀನಿ."

ಅವನು ಹೊರಗೆ ಹೋಗಿ ಕೋಲು ಎತ್ತಿಕೊಂಡ. ಕೂತಲ್ಲಿಂದಲೇ ನೋಡಿದೆ. ಮೊದಲು ಅಂಚಿನ ಹೆಜ್ಜೆಗಳನ್ನು ಒಂದೊಂದಾಗಿ ಅಳಿಸಿದ. ಆಮೇಲೆ ಗ್ರೀನಿಗೆ ಬಂದ.

ನಾನು ಹೇಳಲು ಹೋಗಲಿಲ್ಲ. ಹೇಳಬೇಕಾದವನು ಬದುಕಿದ್ದಾನೆ, ಬಾಯಿಯೂ ಇದೆ ಎಂದು ಕಾದೆ. ಮೂರು ವಾರ ಕಾದೆ. ಆ ಮೂರು ವಾರದಲ್ಲಿ ಅವನು ಇಳಿದುಹೋದ. ತಂಗಿ ಬಡಿಸಿದ್ದನ್ನು ಕಲಸಿ ಬಿಟ್ಟು ಏಳುತ್ತಿದ್ದ. ಕೈ ಎತ್ತುವುದನ್ನೇ ನಿಲ್ಲಿಸಿದ್ದನಂತೆ. ಯಾರನ್ನಾದರೂ ಕರೆಯಬೇಕಾದರೆ ಹತ್ತಿರ ಹೋಗಿ ಕರೆಯುತ್ತಿದ್ದ, ಬಲಗೈ ಸದಾ ಜೇಬಿನಲ್ಲಿ.

ಮೈದಾನದ ದೊಡ್ಡ ಪಂದ್ಯ ಹತ್ತಿರ ಬಂತು. ಅದು ವರ್ಷಕ್ಕೊಮ್ಮೆ. ದೂರದೂರದಿಂದ ಆಟಗಾರರು ಬರುತ್ತಾರೆ, ಏಳನೆಯ ಗ್ರೀನಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಹಿಂದಿನ ಸಂಜೆ ಉದ್ದಣ್ಣನ ಹೆಂಡತಿ ನನ್ನ ಮನೆ ಬಾಗಿಲಿಗೆ ಬಂದಳು.

"ಹುಲ್ಲಪ್ಪನವರು ಒಗೆಯೋ ಕೋಣೆಗೆ ಬಂದಿದ್ರು. ನಾಳೆ ಬೆಳಗ್ಗೆ ಬೆಳಕಾಗುವಾಗ ದಿಬ್ಬದ ಮೇಲೆ ಬಾ ಅಂದ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ಅಲ್ಲಿಗೆ ನಾನು ಆಮೇಲೆ ಹೋಗೇ ಇಲ್ಲ. ನೀವೂ ಬರ್ತೀರಾ ಅಮ್ಮಾ?"

"ಬರ್ತೀನಿ" ಎಂದೆ.

ನಾವಿಬ್ಬರೂ ದಿಬ್ಬದ ಬುಡಕ್ಕೆ ಬಂದಾಗ ಆಕಾಶ ಖಾಲಿ ತಟ್ಟೆಯಂತಿತ್ತು. ಅದರ ಎದುರು ಹುಲ್ಲಪ್ಪ ಒಬ್ಬನೇ ನಿಂತಿದ್ದ. ಕತ್ತರಿಸಿ ಅಂಟಿಸಿದವನ ಹಾಗೆ. ಪಕ್ಕದಲ್ಲಿ ಜಾಗ ಬಿಟ್ಟು ನಿಂತಿದ್ದ. ಉದ್ದಣ್ಣನ ಹೆಂಡತಿ ನನ್ನ ಮೊಣಕೈ ಹಿಡಿದಳು, ಹತ್ತಿ ಮುಗಿಯುವವರೆಗೆ ಬಿಡಲಿಲ್ಲ.

ಇಬ್ಬನಿ ಹೊಡೆದಿರಲಿಲ್ಲ. ಕೋಲು ಹುಲ್ಲಿನ ಮೇಲೆ ಬಿದ್ದಿತ್ತು. ಹೆಜ್ಜೆಗಳಿದ್ದವು. ಅವಳು ಅವನ್ನು ನೋಡಿದಳು. ಮೊದಲ ಹೆಜ್ಜೆಯಲ್ಲಿ ಅಲ್ಲ, ಎರಡನೆಯದರಲ್ಲಿ, ಎಡಗಾಲಿನ ಗೀರು ಕಂಡಾಗ, ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ಕೂಗಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಆ ಗೀರನ್ನು ಬೆರಳಿಂದ ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆಳೆದುಕೊಂಡಳು.

"ಅವರ ಚಪ್ಪಲಿ ಯಾವಾಗಲೂ ಎಡದ್ದೇ ಮೊದ್ಲು ಸವೀತಿತ್ತು" ಎಂದಳು.

ಹುಲ್ಲಪ್ಪ ಜೇಬಿನಿಂದ ಬಲಗೈ ತೆಗೆದ. ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದ, ಅದೇ ನಾಲ್ಕು ಮಾತು. ಬೆರಳನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದ. ಕ್ಷಮಿಸು ಎನ್ನಲಿಲ್ಲ. ಆ ಪದ ಅವನಿಗೆ ಬರುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಎದ್ದು ನಿಂತಳು.

"ಹುಲ್ಲಪ್ಪನ ಒಂದು ಮಾತನ್ನೂ ನಾನು ಕೇಳಲ್ಲ ಅಂತ ಮನೇಲಿ ಜಂಭ ಕೊಚ್ಚೋರು. ಅದೊಂದು ಕೇಳ್ಬೇಕಿತ್ತಾ?"

ಅವಳು ಯಾರಿಗೆ ಹೇಳಿದಳೋ. ಏಣಿನ ಕಡೆ ನೋಡಿ ಹೇಳಿದಳು.

"ಬೋರ್ಡಿನ ಕಾಗದ?" ಎಂದೆ ನಾನು.

"ಮ್ಯಾನೇಜರಿಗೆ ಹೇಳ್ತೀನಿ ಅತ್ತಿಗೆ. ಬರೆದೂ ಕೊಡ್ತೀನಿ. ಇವತ್ತು ಆಟ ಒಂದು ಮುಗೀಲಿ."

ಆಟ ಒಂದು ಮುಗಿಯಲಿ. ಈಗಲೂ ಹುಲ್ಲೇ ಮೊದಲು, ಆಮೇಲೆ ಮನುಷ್ಯ. ನನ್ನ ಅಂದಾಜು ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಕೆಳಗಿನಿಂದ ಮ್ಯಾನೇಜರನ ಕೂಗು ಕೇಳಿಸಿತು. ಏಳನೆಯದರ ಇಬ್ಬನಿ ಇನ್ನೂ ಯಾಕೆ ಹೊಡೆದಿಲ್ಲ, ಅತಿಥಿಗಳು ಬರುವ ಹೊತ್ತಾಯಿತು ಎಂದು. ಹುಲ್ಲಪ್ಪ ತಿರುಗಿ ನೋಡಲಿಲ್ಲ.

"ನಾನು ಅಲ್ಲಿ ಹೋಗಿ ಕೂತ್ಕೋಬೇಕು" ಎಂದಳು ಉದ್ದಣ್ಣನ ಹೆಂಡತಿ, ಆಚೆ ಬದಿಯ ಇಟ್ಟಿಗೆಯ ಕೋಣೆಯನ್ನು ತೋರಿಸಿ. "ಅವರು ಹೋಗ್ಬೇಕಿದ್ದ ಜಾಗ ಅದೇ ತಾನೇ?"

ಹೇಳುತ್ತಲೇ ಬಗ್ಗಿ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡಳು. ಇಷ್ಟು ವರ್ಷ ಆ ಮೈದಾನದಲ್ಲಿ ಕೆಲಸ ಮಾಡಿದವಳು, ಯಾರೂ ಹೇಳಬೇಕಾಗಿರಲಿಲ್ಲ. ಒಗೆಯುವ ಕೋಣೆಯ ನೀರಿಗೆ ಹಾಕುವ ದಪ್ಪ ರಬ್ಬರಿನ ಚಪ್ಪಲಿ. ಅಡಿಯೆಲ್ಲ ಗಟ್ಟಿ ಗುಬುಟು. ಅದನ್ನು ಹಿಡಿದುಕೊಂಡು ಬರಿಗಾಲಲ್ಲಿ ಅಂಚಿಗೆ ಹೋಗಿ ನಿಂತಳು, ಆ ಎರಡು ಪಾದಗಳ ಗುರುತಿನ ಪಕ್ಕದಲ್ಲಿ.

ಹುಲ್ಲಪ್ಪ ಹತ್ತಿರ ಬಂದ. ಅವಳ ಕೈಯಿಂದ ಚಪ್ಪಲಿ ಇಸಿದುಕೊಂಡ. ಬಗ್ಗಿ, ಅಂಚಿನಿಂದ ಒಳಗೆ, ಗ್ರೀನಿನ ಮೇಲೆಯೇ, ಮುಟ್ಟಿರದ ಇಬ್ಬನಿಯಲ್ಲಿ, ಎರಡನ್ನೂ ಜೋಡಿಸಿ ಕೋಣೆಯ ಕಡೆಗೆ ಮುಖ ಮಾಡಿ ಇಟ್ಟ. ಆಮೇಲೆ ಎದ್ದು, ಇಬ್ಬರು ಪಕ್ಕಪಕ್ಕದಲ್ಲಿ ನಡೆಯಲು ಸಾಕಾಗುವಷ್ಟು ಜಾಗ ಬಿಟ್ಟು, ಬದಿಗೆ ಸರಿದು ನಿಂತ.